ಬೈಪಾಸಿನಲ್ಲಿ ಬಂದ ಹಬೆ

ನನಗೊಂದು ಸಣ್ಣ ಚಿಂತೆ ಇದೆ. ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಯಾರಾದರೂ ಎದುರು ನಿಂತು "ನೀನು ಯಾರು?" ಎಂದು ಕೇಳಿದರೆ ಏನು ಹೇಳಲಿ? ಮಂಗಳೂರಿಗೆ ಬಂದ ಮೇಲೆ ನನ್ನನ್ನು ಪವರ್ ಬ್ಯಾಂಕ್ ಅಂದವರಿದ್ದಾರೆ, ಗಡ್ಡ ಹೆರೆಯುವ ಮೆಷಿನು ಅಂದವರಿದ್ದಾರೆ. ಉಬ್ಬಸದವರ ಔಷಧಿ ಎಂದುಕೊಂಡು ಒಬ್ಬ ಹೆಂಗಸು "ಪಾಪ, ಎಷ್ಟು ವರ್ಷದಿಂದ?" ಎಂದು ಮರುಗಿದ್ದೂ ಉಂಟು. ನಾನು ಯಾರನ್ನೂ ತಿದ್ದಲಿಲ್ಲ. ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತದೆ ಎಂಬುದು ನನ್ನ ಅನುಭವ.

ಇಲ್ಲಿ ಹೇಳಿಬಿಡುತ್ತೇನೆ. ನಾನು ಒಂದು ವೇಪ್. ಸಿಗರೇಟಿನ ಬದಲು ಸೇದುವ ಯಂತ್ರ. ನನ್ನಲ್ಲಿ ಬೆಂಕಿ ಇಲ್ಲ, ಬೂದಿ ಇಲ್ಲ. ನೆತ್ತಿಯ ಮೇಲೆ ಗಾಜಿನ ಪುಟ್ಟ ಟ್ಯಾಂಕು, ಅದರಲ್ಲಿ ದ್ರವ, ದ್ರವ ಹೀರುವ ಹತ್ತಿ, ಹತ್ತಿಯ ಸುತ್ತ ಸುರುಳಿ ತಂತಿ. ಹೊಟ್ಟೆಯಲ್ಲಿ ಹೆಬ್ಬೆರಳು ಗಾತ್ರದ ಬ್ಯಾಟರಿ. ಬಟನ್ನು ಒತ್ತಿದರೆ ತಂತಿ ಕಾಯುತ್ತದೆ, ದ್ರವ ಹಬೆಯಾಗುತ್ತದೆ.

ಹುಟ್ಟಿದ್ದು ಚೀನಾದ ಷೆನ್‌ಜೆನ್ನಿನ ಒಂದು ಕಾರ್ಖಾನೆಯಲ್ಲಿ. ಬಿಳಿ ಗವುಸು ತೊಟ್ಟ ಹತ್ತಾರು ಕೈಗಳು ನನ್ನನ್ನು ಒಂದರಿಂದೊಂದಕ್ಕೆ ದಾಟಿಸಿದವು. ಅದರಲ್ಲಿ ಯಾವ ಕೈ ತಾಯಿಯದೆಂದು ತಿಳಿಯಲಿಲ್ಲ. ಕೊನೆಯ ಕೈ ನನ್ನೊಳಗೆ ಉಗುರಿನಷ್ಟು ಅಗಲದ ಒಂದು ಚಿಪ್ ಇಟ್ಟು ಮುಚ್ಚಿತು. ಅಂದಿನಿಂದ ನನ್ನ ಸಂಸಾರ ಆ ಚಿಪ್‌ನ ಕೈಯಲ್ಲಿ. ಅದನ್ನು ನಾನು ದೊಡ್ಡಮ್ಮ ಎನ್ನುತ್ತೇನೆ. ಒಳಗೆ ಏನಾದರೂ ಇರಲಿ, ಹೊರಗಿನವರಿಗೆ ಗೊತ್ತಾಗಬಾರದು ಎನ್ನುವ ದೊಡ್ಡಮ್ಮಂದಿರು ಇರುತ್ತಾರಲ್ಲ, ಅಂಥವಳು.

ಅವಳ ಕೆಲಸ ಹೀಗೆ. ಬ್ಯಾಟರಿ ತುಂಬಿದಾಗ ಅದರಲ್ಲಿ ನಾಲ್ಕೂ ಚಿಲ್ಲರೆ ವೋಲ್ಟ್ ಇರುತ್ತದೆ. ಬಳಸುತ್ತ ಹೋದಂತೆ ಮೂರೂವರೆಗೆ, ಅದಕ್ಕೂ ಕೆಳಗೆ ಇಳಿಯುತ್ತದೆ. ಆದರೆ ದೊಡ್ಡಮ್ಮ ಆ ಇಳಿಕೆಯನ್ನು ತೋರಗೊಡುವುದಿಲ್ಲ. ಮಾಲೀಕ ಇಷ್ಟು ವಾಟ್ ಎಂದು ಗೊತ್ತು ಮಾಡಿದರೆ ಅಷ್ಟನ್ನೇ ತಂತಿಗೆ ಕಳಿಸುತ್ತಾಳೆ. ವೋಲ್ಟ್ ಸಾಲದಿದ್ದರೆ ಬ್ಯಾಟರಿಯನ್ನು ಹಿಂಡಿ ಏರಿಸಿಕೊಳ್ಳುತ್ತಾಳೆ, ಹೆಚ್ಚಾದರೆ ಇಳಿಸುತ್ತಾಳೆ. ಬೆಳಗಿನ ದಮ್ಮಿಗೂ ಸಂಜೆಯ ದಮ್ಮಿಗೂ ಕೂದಲೆಳೆಯ ವ್ಯತ್ಯಾಸ ಇರುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

ನನ್ನ ಮೊದಲ ಮಾಲೀಕ ರೋಶನ್ ಕ್ರಾಸ್ತಾ, ಬಹರೈನಿನ ಬಂದರಿನಲ್ಲಿ ಕ್ರೇನ್ ಆಪರೇಟರ್. ಊರು ಮಂಗಳೂರು. ಸಿಗರೇಟು ಬಿಡುತ್ತೇನೆಂದು ಹೆಂಡತಿಗೆ ಫೋನಿನಲ್ಲಿ ಆಣೆ ಇಟ್ಟು ನನ್ನನ್ನು ಕೊಂಡ. ಮೋಡದಂಥ ಹಬೆ ಬಿಡುವುದೆಂದರೆ ಅವನಿಗೆ ಪ್ರಾಣ. ವಾಟ್ ಅರವತ್ತಕ್ಕೆ ಏರಿಸಿಟ್ಟ. ಒಂದು ದಿನ ಕ್ರೇನಿನ ಏಣಿ ಇಳಿಯುವಾಗ ನಾನು ಅವನ ಜೇಬಿನಿಂದ ಜಾರಿ ಹದಿನಾಲ್ಕು ಮೆಟ್ಟಿಲು ಉರುಳಿದೆ. ಗಾಜು ಉಳಿಯಿತು, ಮಾನ ಉಳಿಯಿತು, ಆದರೆ ವಾಟ್ ಹೆಚ್ಚು-ಕಡಿಮೆ ಮಾಡುವ ಎರಡು ಕೀಲಿಗಳು ಒಳಗೆ ಕುಸಿದು ಮೇಲೇಳಲಿಲ್ಲ. ಅಲ್ಲಿಂದ ಮುಂದೆ ನನಗೆ ಅರವತ್ತೇ ಗತಿ.

ಸರಿಯಾಗಿ ಉಳಿದ ದೊಡ್ಡ ಬಟನ್ನನ್ನು ಅವನು ಸಿಟ್ಟಿನಿಂದ ಒಂದೇ ಸಮನೆ ಕುಟ್ಟುತ್ತಿದ್ದಾಗ ನನ್ನ ಮೈಮೇಲಿನ ಪುಟ್ಟ ಪರದೆಯಲ್ಲಿ "ಬೈಪಾಸ್" ಎಂದು ಬಂತು, ದೊಡ್ಡಮ್ಮ ಪಕ್ಕಕ್ಕೆ ಸರಿದಳು. ಆ ದಿನ ರೋಶನನಿಗೆ ಬೆಳಿಗ್ಗೆ ಒಳ್ಳೆಯ ಮೋಡ ಸಿಕ್ಕಿತು, ಮಧ್ಯಾಹ್ನ ತೆಳ್ಳಗಿನ ಮಂಜು, ಸಂಜೆಗೆ ಬರಿಯ ನಿಟ್ಟುಸಿರು.

"ಎಂತ ಸಾವು ಮಾರಾಯಾ ಇದು," ಎಂದು ಅವನು ನನ್ನನ್ನು ಕೊಡವಿದ. "ಸಂಜೆ ಆಗುವಾಗ ನನ್ನ ಹಾಗೆಯೇ ಆಗ್ತದೆ!"

ಮತ್ತೆ ಬಟನ್ನು ಕುಟ್ಟಿ ದೊಡ್ಡಮ್ಮನ ಆಡಳಿತಕ್ಕೆ ಮರಳಿಸಿದ. ನನಗೋ ಒಂದೇ ದಿನದ ರಜೆ ಮುಗಿದಂತಾಯಿತು.

ಕೊನೆಗೆ ಅವನು ನನ್ನನ್ನೂ ಬಿಟ್ಟ. ಬಿಡಿಸಿದ್ದು ಯಾವ ವೈದ್ಯರೂ ಅಲ್ಲ, ನಾಲ್ಕು ವರ್ಷದ ಮಗಳು. ವಿಡಿಯೋ ಕಾಲಿನಲ್ಲಿ ಅವಳು ಅಮ್ಮನನ್ನು ಕೂಗಿ ಕರೆದು, "ಮಮ್ಮೀ, ಪಪ್ಪನ ಮೂಗಿನಲ್ಲಿ ಕುಕ್ಕರ್ ಕೂಗ್ತದೆ" ಅಂದಳು. ಆಣೆ ಇಟ್ಟವನಿಗೆ ಅದಕ್ಕಿಂತ ಹೆಚ್ಚಿನ ಪಂಚಾಯಿತಿ ಬೇಕಾಗಲಿಲ್ಲ. ರಜೆಗೆ ಊರಿಗೆ ಬರುವಾಗ ಶೇವಿಂಗ್ ಸಾಮಾನಿನ ಜೊತೆ ನನ್ನನ್ನೂ ತಂದು ಹಳೆಯ ಸಹಪಾಠಿ ಹರೀಶ್ ಬಂಗೇರರ ಕೈಗಿಟ್ಟ. ನಾನು ಬಂದದ್ದು ಮೊದಲು, ನಮ್ಮಂಥವರನ್ನು ತರಬಾರದು, ಮಾರಬಾರದು ಎಂಬ ಕಾನೂನು ಬಂದದ್ದು ಆಮೇಲೆ. ಆದರೂ ಅಂದಿನಿಂದ ನನಗೆ ತಲೆ ಎತ್ತಿ ನಡೆಯುವ ಧೈರ್ಯ ಹೋಯಿತು.

ಹರೀಶ್ ಬಂಗೇರರದು ಮಂಗಳೂರಿನ ಉರ್ವಾಸ್ಟೋರ್ ಬಡಾವಣೆಯಲ್ಲಿ ಸ್ಟುಡಿಯೋ. ಹೋಟೆಲುಗಳ ಮೆನು ಕಾರ್ಡಿಗೆ ತಿಂಡಿಯ ಫೋಟೋ ತೆಗೆಯುವುದು ಅವರ ಮುಖ್ಯ ಕೆಲಸ. ಆ ಕೆಲಸದ ಒಂದು ಕಷ್ಟ ಹೊರಗಿನವರಿಗೆ ಗೊತ್ತಿಲ್ಲ. ಇಡ್ಲಿ ಎಷ್ಟೇ ಬಿಸಿ ಇರಲಿ, ದೀಪ ಸರಿಮಾಡಿ, ಚಟ್ನಿ ಒರೆಸಿ, ಕೊತ್ತಂಬರಿ ಎಲೆ ನಿಲ್ಲಿಸುವಷ್ಟರಲ್ಲಿ ಅದರ ಹಬೆ ಹಾರಿಹೋಗಿರುತ್ತದೆ. ಹಬೆ ಇಲ್ಲದ ಇಡ್ಲಿ ಫೋಟೋದಲ್ಲಿ ನಿನ್ನೆಯದರ ಹಾಗೆ ಕಾಣುತ್ತದೆ. ಬಂಗೇರರು ನನ್ನ ಟ್ಯಾಂಕಿನ ಹಳೆಯ ದ್ರವ ಚೆಲ್ಲಿ, ಬಿಸಿನೀರಿನಲ್ಲಿ ತೊಳೆದು, ಮೆಡಿಕಲ್ ಶಾಪಿನ ಗ್ಲಿಸರಿನ್ ತುಂಬಿದರು. ನಿಕೋಟಿನ್ ಇಲ್ಲ, ಚಟ ಇಲ್ಲ. ಒಂದು ದಮ್ಮು ಬಾಯಿಗೆ ತುಂಬಿಕೊಂಡು ತಟ್ಟೆಯ ಹಿಂದೆ ಕುಕ್ಕುರುಗಾಲಿನಲ್ಲಿ ಕೂತು ಮೆಲ್ಲನೆ ಊದಿದರೆ ಮುಗಿಯಿತು, ಇಡ್ಲಿ ಈಗಷ್ಟೇ ಇಳಿಸಿದಂತೆ. ಸೇದುವವರ ಚಟಕ್ಕೆಂದು ಹುಟ್ಟಿದ ನಾನು ಹಸಿದವರ ಬಾಯಲ್ಲಿ ನೀರೂರಿಸುವ ಕೆಲಸಕ್ಕೆ ಬಡ್ತಿ ಪಡೆದೆ.

ಇಲ್ಲೇ ನಾನು ಸಂಹಿತಾಳನ್ನು ಕಂಡದ್ದು. ಸಂಹಿತಾ ಕೋಟ್ಯಾನ್, ಬಿ.ಎ. ಪದವೀಧರೆ, ಸ್ಟುಡಿಯೋದಲ್ಲಿ ಮೂರು ವರ್ಷದಿಂದ ಸಹಾಯಕಿ. ತಟ್ಟೆ ಜೋಡಿಸುವುದು, ದೀಪ ತಿರುಗಿಸುವುದು, ತಿಂಡಿಯ ಹೆಸರುಗಳನ್ನು ತಪ್ಪಿಲ್ಲದೆ ಬರೆದುಕೊಡುವುದು ಎಲ್ಲವೂ ಅವಳೇ. ನಾನು ಬಂದ ಮೇಲೆ ಇನ್ನೊಂದು ಕೆಲಸ ಸೇರಿತು. ಬಂಗೇರರು ತಟ್ಟೆಯ ಹಿಂದೆ ಕೂತು ಕೆನ್ನೆ ಉಬ್ಬಿಸಿಕೊಂಡಿರುವಾಗ ಕ್ಯಾಮೆರಾ ಒತ್ತುವವರು ಯಾರು? ಸಂಹಿತಾ. ಅವರ ಬಾಯಿ ತುಂಬಿರುವುದರಿಂದ "ಈಗ" ಎನ್ನಲೂ ಆಗುವುದಿಲ್ಲ. ಯಾವ ಕ್ಷಣದಲ್ಲಿ ಒತ್ತಬೇಕು, ಎಲ್ಲಿಂದ ನೋಡಬೇಕು ಎಂಬುದೆಲ್ಲ ಅವಳದೇ ತೀರ್ಮಾನ. ಆದರೂ ಅಚ್ಚಾಗಿ ಬಂದಾಗ ಕೆಳಗೆ "ಫೋಟೋ: ಹರೀಶ್ ಬಂಗೇರ" ಎಂದೇ ಇರುತ್ತಿತ್ತು. ಬಂಗೇರರು ಕೆಟ್ಟವರಲ್ಲ. ಕಷ್ಟಪಟ್ಟು ಊದಿದವರಿಗೆ ತಾವೇ ಫೋಟೋ ತೆಗೆದೆವು ಎಂದು ಪ್ರಾಮಾಣಿಕವಾಗಿಯೇ ಅನ್ನಿಸುತ್ತಿತ್ತು.

ಸಂಹಿತಾ ಡೈರಿ ಬರೆಯುತ್ತಿದ್ದಳು. ಪುಟ ಹಾರದಿರಲಿ ಎಂದು ನನ್ನನ್ನು ಅದರ ಮೇಲೆ ಇಡುತ್ತಿದ್ದಳಾದ್ದರಿಂದ ಓದದೆ ನನಗೆ ಬೇರೆ ದಾರಿ ಇರಲಿಲ್ಲ. ಡೈರಿಯ ತುಂಬ ಹೇಳಬೇಕಿದ್ದ ಮಾತುಗಳು. "ಸರ್ ಚಟ್ನಿ ಬಟ್ಟಲು ಎಡಕ್ಕಿಟ್ಟರು. ಬಲಕ್ಕೆ ಎನ್ನಬೇಕಿತ್ತು." "ಬಸ್ಸಿನಲ್ಲಿ ಚಿಲ್ಲರೆ ಕೇಳಬೇಕಿತ್ತು." "ಚಿಕ್ಕಮ್ಮ ನನ್ನ ಕೆಲಸವನ್ನು ತಟ್ಟೆ ಒರೆಸುವುದು ಅಂದರು. ಅಲ್ಲ ಎನ್ನಬೇಕಿತ್ತು." ಒಂದು ಪುಟದಲ್ಲಿ ಮಾತ್ರ ಅಡಿಗೆರೆ ಎಳೆದು ಬರೆದಿದ್ದಳು: "ಒಂದೇ ಒಂದು ಫೋಟೋದ ಕೆಳಗೆ ನನ್ನ ಹೆಸರು ಬೇಕು."

ಇವಳೊಳಗೂ ಒಬ್ಬ ದೊಡ್ಡಮ್ಮ ಇದ್ದಾಳೆ ಎಂದು ನನಗೆ ಆಗಲೇ ಗುಮಾನಿ ಬಂತು.

ಹೀಗಿರುವಾಗ ಭುಜಂಗ ಶೆಟ್ಟರು ಬಂದರು. ಸಿರಿಪಾಕ ಎಂಬ ಹೊಸ ಹೋಟೆಲು ತೆರೆಯುವ ತಯಾರಿಯಲ್ಲಿದ್ದರು. ಗೋಡೆಯ ತುಂಬ ಮೂಡೆಯ ಫೋಟೋ ಬೇಕು ಅವರಿಗೆ. ಮುಂಡುಗದ ಎಲೆಯ ಕೊಳವೆಯಲ್ಲಿ ಹಿಟ್ಟು ಹೊಯ್ದು ಬೇಯಿಸುವ ಕಡುಬೇ ಮೂಡೆ. ಎಲೆ ಬಿಚ್ಚಿದ ಕ್ಷಣದ ಹಬೆ ಕಾಣಬೇಕು ಎಂದರು. ಜೊತೆಗೆ ಒಂದು ಮಾತು ಸೇರಿಸಿದರು.

"ನೋಡಿ ಬಂಗೇರರೇ, ನಾನು ಒಪ್ಪಿದರೆ ಆಗುವುದಿಲ್ಲ. ನಮ್ಮ ಅಮ್ಮ ಒಪ್ಪಬೇಕು. ಅಮ್ಮ ಒಪ್ಪಿದ ಫೋಟೋ ಯಾರು ತೆಗೀತಾರೋ, ಉಡುಪಿ ಮತ್ತು ಕುಂದಾಪುರದ ನಮ್ಮ ಎರಡು ಹೋಟೆಲಿನ ಕೆಲಸವೂ ಅವರಿಗೇ. ಹೆಸರು ಹಾಕಿ ಕೊಡ್ತೇನೆ, ಗೋಡೆಯಲ್ಲೇ."

ಸಂಹಿತಾಳ ಕೈಯಲ್ಲಿದ್ದ ಒರೆಸುವ ಬಟ್ಟೆ ನಿಂತಿತು.

ಅಮ್ಮ ಎಂದರೆ ಕಲ್ಯಾಣಿಯಮ್ಮ, ಎಂಬತ್ತರ ಮುದುಕಿ. ಅರವತ್ತು ವರ್ಷ ಮೂಡೆ ಬೇಯಿಸಿದವರು. ಬಂಗೇರರು ನಾಲ್ಕು ಮಾದರಿ ಫೋಟೋ ಒಯ್ದು ತೋರಿಸಿದರು. ಮುದುಕಿ ಒಂದೊಂದನ್ನೇ ಕಣ್ಣಿನ ಹತ್ತಿರ ಹಿಡಿದು ದೂರ ಇಟ್ಟರು.

"ಇದು ಹಬೆ ಅಲ್ಲ ಮಗಾ. ಇದು ಬೀಡಿ ಹೊಗೆ."

"ಅಯ್ಯೋ, ಬೀಡಿ ಎಲ್ಲಿಂದ ಬಂತು ಅಮ್ಮ?" ಎಂದು ಬಂಗೇರರು ಬೆವತರು.

"ಮೂಡೆಯ ಹಬೆಗೆ ನಾಚಿಕೆ ಉಂಟು. ಎಲೆಯ ಸಂದಿನಿಂದ ನೋಡಿ ನೋಡಿ ಬರ್ತದೆ. ಇದು ಎಂತದು, ಗೂಡ್ಸ್ ರೈಲಿನ ಹಾಗೆ?"

ಮುದುಕಿಯ ಮಾತು ನಿಜ. ಅರವತ್ತು ವಾಟಿಗೆ ಸಿಕ್ಕಿಬಿದ್ದ ನನಗೆ ತೆಳ್ಳಗೆ ಬಿಡುವುದು ಗೊತ್ತಿಲ್ಲ. ಇಡ್ಲಿಗೂ ಬಿರಿಯಾನಿಗೂ ಕಾಫಿಗೂ ಒಂದೇ ಮೋಡ. ಕೀಲಿ ಕುಸಿದ ಮೇಲೆ ಇಳಿಸುವ ದಾರಿಯೂ ಇಲ್ಲ. ಬಂಗೇರರು ಸೂಜಿಯಿಂದ ಆ ಕೀಲಿ ಎತ್ತಲು ಹೋಗಿ ಬೆರಳು ಚುಚ್ಚಿಕೊಂಡರು.

ಸಂಹಿತಾ ನನ್ನ ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟ, ಬಳಕೆಯ ಸೂಚನೆಗಳ ಚೀಟಿಯನ್ನು ತೆಗೆದು ಓದಿದಳು. ನನ್ನ ಬಾಳಿನಲ್ಲಿ ಅದನ್ನು ಪೂರ್ತಿ ಓದಿದವಳು ಅವಳೊಬ್ಬಳೇ. ಓದಿ ಮುಗಿಸಿ ಬಟನ್ನನ್ನು ಲೆಕ್ಕ ಹಾಕಿ ಒತ್ತಿದಳು. ಪರದೆಯಲ್ಲಿ ಬೈಪಾಸ್ ಬಂತು. ಮಾತಾಡಿ ತಿಳಿಸುವುದು ಅವಳಿಗೆ ಕಷ್ಟ. ಬಂಗೇರರಿಗೆ ಒಂದು ಹಾಳೆಯಲ್ಲಿ ಬರೆದು ಕೊಟ್ಟಳು. ಅವರು ಗಟ್ಟಿಯಾಗಿ ಓದಿದರು.

"'ಬೈಪಾಸಿನಲ್ಲಿ ಚಿಪ್ ವೋಲ್ಟ್ ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಬ್ಯಾಟರಿಯಲ್ಲಿ ಎಷ್ಟಿದೆಯೋ ಅಷ್ಟೇ ನೇರವಾಗಿ ತಂತಿಗೆ. ಬ್ಯಾಟರಿ ತುಂಬಿದ್ದರೆ ದಟ್ಟ, ಇಳಿದರೆ ತೆಳು.' ಓ, ಗೊತ್ತಾಯ್ತು! ಪೇಟೆಯ ಸಿಗ್ನಲ್ ಎಲ್ಲ ತಪ್ಪಿಸಿ ಸೀದಾ ಹೋಗುವುದು. ಆದರೆ ಇದು ಡೇಂಜರ್ ಅಲ್ವಾ ಸಂಹಿತಾ? ಪೊಲೀಸೇ ಇಲ್ಲದ ರಸ್ತೆ?"

ಅವಳು ಹಾಳೆಯ ಕೆಳಗಿನ ಸಾಲು ತೋರಿಸಿದಳು. ಅಲ್ಲಿ ಬರೆದಿತ್ತು: ಚಿಪ್ ಸತ್ತಿರುವುದಿಲ್ಲ, ಬಾಗಿಲಲ್ಲಿ ನಿಂತಿರುತ್ತದೆ. ತಂತಿ ಶಾರ್ಟ್ ಆದರೆ, ತಂತಿಯ ತಡೆ ತೀರ ಕಡಿಮೆಯಾಗಿದ್ದರೆ, ಬ್ಯಾಟರಿ ಮಿತಿಗಿಂತ ಕೆಳಗಿಳಿದರೆ, ಅದು ಕರೆಂಟು ಕಡಿಯುತ್ತದೆ.

ಅದೂ ನಿಜ. ಬೈಪಾಸಿನಲ್ಲಿ ದೊಡ್ಡಮ್ಮ ಅಡುಗೆಮನೆ ಬಿಟ್ಟು ಜಗಲಿಗೆ ಬಂದು ಕೂರುತ್ತಾಳೆ. ಏನು ಬಡಿಸಿದೆ ಎಂದು ಕೇಳುವುದಿಲ್ಲ, ಮನೆಗೆ ಬೆಂಕಿ ಬಿದ್ದರೆ ಮಾತ್ರ ಎದ್ದು ಬರುತ್ತಾಳೆ.

ಮುಂದಿನ ಎರಡು ವಾರ ನನ್ನ ಬಾಳಿನ ವಸಂತ. ಬಂಗೇರರು ಊದಿದರು, ಸಂಹಿತಾ ನೋಡಿ ಬರೆದಿಟ್ಟಳು. ಪರದೆಯ ಮೂಲೆಯಲ್ಲಿ ಕಾಣುವ ಬ್ಯಾಟರಿಯ ವೋಲ್ಟಿನ ಎದುರು ಒಂದೊಂದು ತಿಂಡಿ. ೪.೧ಕ್ಕೆ ಬಿರಿಯಾನಿ. ೩.೯ಕ್ಕೆ ಸಾರು. ೩.೭ಕ್ಕೆ ಇಡ್ಲಿ. ೩.೬ಕ್ಕೆ ಮೂಡೆ. ೩.೫ಕ್ಕೆ ಆರುತ್ತಿರುವ ಕಾಫಿ. ಕೊನೆಗೆ ಅವಳು ಅದೇ ಗಾತ್ರದ ನಾಲ್ಕು ಬ್ಯಾಟರಿ ತರಿಸಿ, ಒಂದೊಂದನ್ನೂ ಬೇಕಾದಷ್ಟೇ ಇಳಿಸಿ, ಕಾಗದದ ಪಟ್ಟಿ ಸುತ್ತಿ, ಮೇಲೆ "ಸಾರು", "ಇಡ್ಲಿ", "ಮೂಡೆ", "ಕಾಫಿ" ಎಂದು ಹೆಸರು ಬರೆದಳು. ಕರೆಂಟಿನ ಬ್ಯಾಟರಿಗೆ ತಿಂಡಿಯ ಹೆಸರಿಟ್ಟ ಸ್ಟುಡಿಯೋ ಜಗತ್ತಿನಲ್ಲಿ ಇನ್ನೊಂದು ಇರಲಾರದು.

ಫೋಟೋ ತೆಗೆಯುವ ದಿನ ಬಂತು. ಹೋಟೆಲಿನ ಹಾಲ್‌ನಲ್ಲಿ ದೀಪ ಹಚ್ಚಿ, ಬಾಳೆಲೆಯ ಮೇಲೆ ಮೂಡೆ ಇಟ್ಟು, ಎಲೆ ಬಿಚ್ಚಿದ್ದಾಯಿತು. ಕಲ್ಯಾಣಿಯಮ್ಮ ಕುರ್ಚಿ ಹಾಕಿಸಿಕೊಂಡು ಕೂತರು. ಸಂಹಿತಾ "ಮೂಡೆ" ಬ್ಯಾಟರಿಯನ್ನು ನನ್ನ ಹೊಟ್ಟೆಗೆ ಹಾಕಿದಳು. ಪರದೆ ೪.೨ ಎಂದು ತೋರಿಸಿತು. ಅವಳು ಬ್ಯಾಟರಿ ತೆಗೆದು, ಹೆಸರಿನ ಪಟ್ಟಿ ಮತ್ತೆ ಓದಿ, ಹಾಕಿ ನೋಡಿದಳು.

ಬಂಗೇರರು ಹತ್ತಿರ ಬಂದು ಪಿಸುಗುಟ್ಟಿದರು. "ಎಲ್ಲ ಬ್ಯಾಟರಿ ಅರ್ಧಂಬರ್ಧ ಇತ್ತು. ನಿನ್ನೆ ಸಂಜೆ ನಾನೇ ಕೂತು ನಾಲ್ಕನ್ನೂ ಫುಲ್ ಚಾರ್ಜ್ ಮಾಡಿದೆ. ನೀನು ಮರೆತದ್ದಲ್ವಾ? ಇರಲಿ, ಬೇಜಾರು ಮಾಡ್ಬೇಡ."

ಸಂಹಿತಾ ಬರೆದು ತಿಳಿಸಲು ಕಾಗದ ಹುಡುಕಿದಳು. ಬಂಗೇರರು ಅಷ್ಟರಲ್ಲಿ ನನ್ನನ್ನು ಬಾಯಿಗಿಟ್ಟಿದ್ದರು. ಎರಡು ವಾರ ತೆಳ್ಳಗಿನ ಹಬೆ ಎಳೆದು ಅಭ್ಯಾಸವಾದವರು. ಶುಭದಿನ ಎಂದು ಇರುವ ಉಸಿರನ್ನೆಲ್ಲ ಕೂಡಿಸಿ ಎಳೆದರು. ನಾನೂ ಇದ್ದುದನ್ನೆಲ್ಲ ಕೊಟ್ಟೆ. ಅವರು ಕೆಮ್ಮಿದರು. ಬಾಳೆಲೆ ಕಾಣಲಿಲ್ಲ, ಮೂಡೆ ಕಾಣಲಿಲ್ಲ, ಬಂಗೇರರೂ ಕಾಣಲಿಲ್ಲ.

"ಬೆಂಕಿ! ಬೆಂಕಿ!" ಎಂದು ಭುಜಂಗ ಶೆಟ್ಟರು ಕೂಗಿದರು. ಸಪ್ಲಾಯರ್ ಒಬ್ಬ ಓಡಿ ಬಂದು ಕುಡಿಯುವ ನೀರಿನ ಜಗ್ಗನ್ನು ಮೋಡದೊಳಗೆ ಸುರಿದ. ಮೋಡ ಕರಗಿದಾಗ ಮೂಡೆ ಈಜುತ್ತಿತ್ತು, ಬಂಗೇರರ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ರೈಲು ಇನ್ನೂ ಹತ್ತಿರ ಬಂತು," ಎಂದರು ಕಲ್ಯಾಣಿಯಮ್ಮ.

ಸಂಹಿತಾ ಸಪ್ಲಾಯರನ ಆರ್ಡರ್ ಚೀಟಿಯ ಹಿಂದೆ ಬರೆದು ಬಂಗೇರರಿಗೆ ಕೊಟ್ಟಳು: "ಬ್ಯಾಟರಿ ೩.೬ಕ್ಕೆ ಇಳಿಯಬೇಕು, ಸರ್. ಸೇದಿಯೇ ಇಳಿಸಬೇಕು." ಬಂಗೇರರು ಓದಿ, ಪರದೆ ನೋಡಿ, ಹಣೆ ಬಡಿದುಕೊಂಡರು. ತಪ್ಪು ಗೊತ್ತಾದರೆ ಒಪ್ಪಿಕೊಳ್ಳುವ ಮನುಷ್ಯ. ಹೋಟೆಲಿನ ಹಿತ್ತಲಿನ ಒರಳುಕಲ್ಲಿನ ಮೇಲೆ ಕೂತು ಸುಮಾರು ಒಂದು ತಾಸು ನನ್ನನ್ನು ಎಳೆದರು, ಬಿಟ್ಟರು, ಎಳೆದರು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿನಿಂದ ಇಣುಕಿ, "ಬಂಗೇರರೇ, ಹೋಮವಾ?" ಎಂದು ಕೇಳಿದರು. "ಹೌದು, ಬ್ಯಾಟರಿ ಶಾಂತಿ," ಎಂದರು ಇವರು, ಗ್ಲಿಸರಿನ್ನಿನಿಂದ ಸಿಹಿಯಾದ ಬಾಯಿಯನ್ನು ಚಪ್ಪರಿಸುತ್ತ.

೩.೬ ಬಂತು. ಹೊಸ ಮೂಡೆ ಬಂತು. ಬಂಗೇರರು ಬಳಲಿ ತಟ್ಟೆಯ ಹಿಂದೆ ಕೂತರು. ಹೆಚ್ಚು ಎಳೆಯುವ ಶಕ್ತಿ ಅವರಿಗೂ ಇರಲಿಲ್ಲ, ಕೊಡುವ ಶಕ್ತಿ ನನಗೂ ಇರಲಿಲ್ಲ. ಎಲೆಯ ಸಂದಿನಿಂದ ಒಂದು ಎಳೆ ಹೊರಟಿತು, ಹಿಂಜರಿಯಿತು, ಮೇಲೆದ್ದು ಬಾಗಿತು. ಸಂಹಿತಾ ಕ್ಯಾಮೆರಾವನ್ನು ತುಸು ಕೆಳಗಿಳಿಸಿ, ಉಸಿರು ಹಿಡಿದು, ಒತ್ತಿದಳು. ಒಂದೇ ಸಲ. ಎರಡನೆಯದು ಬೇಕಾಗಲಿಲ್ಲ.

ಫೋಟೋ ನೋಡಿದ ಕಲ್ಯಾಣಿಯಮ್ಮ ಸೆರಗಿನಿಂದ ಬೆರಳು ಒರೆಸಿಕೊಂಡರು, ಬಿಸಿ ತಾಗಿದವರ ಹಾಗೆ.

ಆ ಒಂದು ತಾಸಿನ ದುಡಿಮೆಗೆ, ಫೋಟೋ ಮುಗಿಯುತ್ತಲೇ, ನನ್ನ ತಂತಿ ಕರಕಲಾಯಿತು, ಹತ್ತಿ ಸುಟ್ಟುಹೋಯಿತು. ಅಂಥ ತಂತಿ ಈಗ ಇಲ್ಲಿ ಸಿಗುವುದಿಲ್ಲ. ಹಾಗಾಗಿ ನನ್ನ ಕೊನೆಯ ಹಬೆ ಮೂಡೆಯದೇ. ಈಗ ನಾನಿರುವುದು ಸ್ಟುಡಿಯೋದ ಮೇಜಿನ ಖಾನೆಯಲ್ಲಿ, ರಬ್ಬರ್ ಬ್ಯಾಂಡು ಮತ್ತು ಹಳೆಯ ಲೆನ್ಸ್ ಮುಚ್ಚಳಗಳ ನಡುವೆ. ಬೇಸರವಿಲ್ಲ. ಬಾಳಿನಲ್ಲಿ ಹೆಚ್ಚು ಕಾಲ ಸಮನಾಗಿದ್ದೆ, ಕಲ್ಯಾಣಿಯಮ್ಮನ ಹೊರತು ಒಬ್ಬರಿಂದಲೂ ದೂರು ಬರಲಿಲ್ಲ, ಒಬ್ಬರ ಮನಸ್ಸಿನಲ್ಲೂ ಉಳಿಯಲಿಲ್ಲ. ಇದ್ದಷ್ಟನ್ನೇ ಕೊಟ್ಟ ಎರಡು ವಾರ ಮಾತ್ರ ಗೋಡೆ ಸೇರಿತು. ಖಾನೆ ಸೇರುವ ಮೊದಲು ಇನ್ನೊಂದು ಬೆಳಿಗ್ಗೆ ಇತ್ತು. ಅದನ್ನು ಹೇಳಿ ಮುಗಿಸುತ್ತೇನೆ.

ಸಿರಿಪಾಕದ ಆರಂಭದ ದಿನ. ಗೋಡೆಯ ತುಂಬ ಮೂಡೆ. ಬಂದವರೆಲ್ಲ ಅದರ ಎದುರು ನಿಂತು ಮೂಗು ಅರಳಿಸಿ, ಆಮೇಲೆ ನಾಚಿ ನಗುತ್ತಿದ್ದರು. ಫೋಟೋದ ಕೆಳಗೆ ಹಿತ್ತಾಳೆಯ ತಗಡು ಅಂಟಿಸಿತ್ತು, ಆದರೆ ಅದರಲ್ಲಿ ಇನ್ನೂ ಹೆಸರು ಕೆತ್ತಿರಲಿಲ್ಲ. ಕೆತ್ತುವವನು ಉಳಿ ಹಿಡಿದು ಕಾದಿದ್ದ. ಬಂಗೇರರು ಎಲ್ಲರಿಗೂ ತೋರಿಸಲೆಂದು ನನ್ನನ್ನು ಚೀಲದಲ್ಲಿ ತಂದಿದ್ದರು.

ಕಲ್ಯಾಣಿಯಮ್ಮ ಕುರ್ಚಿಯಿಂದಲೇ ಕೇಳಿದರು. "ಇದನ್ನು ತೆಗೆದವರು ಯಾರು?"

"ನಾನೇ ಅಮ್ಮ!" ಬಂಗೇರರು ಮುಂದೆ ಬಂದರು. "ಒಂದು ತಾಸು ಹಿತ್ತಲಲ್ಲಿ ಕೂತು ಇದನ್ನು ಎಳೆದವನು ನಾನೇ. ನೋಡಿ, ಇದೇ ಮೆಷಿನು. ಇದರದ್ದು ಬೈಪಾಸ್ ಅಂತ ಒಂದು ಉಂಟು..." ನನ್ನನ್ನು ಎತ್ತಿ ಹಿಡಿದು ಗಾಳಿಯಲ್ಲಿ ಊದಿ ತೋರಿಸಿದರು. ಜನ ನಕ್ಕರು. ಭುಜಂಗ ಶೆಟ್ಟರು ಅವರ ಬೆನ್ನು ತಟ್ಟಿ, "ಉಡುಪಿಗೆ ಯಾವಾಗ ಬರ್ತೀರಿ?" ಎಂದು ಕೇಳಿದರು. ಕೆತ್ತುವವನು ಕನ್ನಡಕ ಏರಿಸಿ, "ಹರೀಶ್‌ಗೆ ಯಾವ ಶ ಬರೆಯುವುದು ಸರ್?" ಎಂದ.

ಕೈ ಕುಲುಕಲು ಬಂಗೇರರು ನನ್ನನ್ನು ಸಂಹಿತಾಳ ಕೈಗೆ ಕೊಟ್ಟರು. ಅವಳ ಹೆಬ್ಬೆರಳು ನನ್ನ ಬಟನ್ನಿನ ಮೇಲೆ ಬಿತ್ತು, ಒತ್ತಿತು. ನನ್ನಿಂದ ಏನೂ ಬರಲಿಲ್ಲ. ಅವಳೊಳಗಿನ ದೊಡ್ಡಮ್ಮ ಎಂದಿನಂತೆ ಕೆಲಸಕ್ಕೆ ಇಳಿದಿದ್ದಳು. ಸರ್‌ಗೆ ಬೇಜಾರಾದರೆ? ಶೆಟ್ಟರು ನಕ್ಕರೆ? ಇಷ್ಟು ಜನರ ಎದುರು ಧ್ವನಿ ಒಡೆದರೆ? ಇವತ್ತು ಬೇಡ, ರಾತ್ರಿ ಡೈರಿಯಲ್ಲಿ ಬರೆದರಾಯಿತು.

ಉಳಿ ತಗಡಿಗೆ ತಾಗಿ ಟಣ್ ಎಂದಿತು.

"ನಿಲ್ಲಿಸಿ," ಎಂದಳು ಸಂಹಿತಾ. ಯಾರಿಗೂ ಕೇಳಿಸಲಿಲ್ಲ. ಅವಳು ಎರಡು ಹೆಜ್ಜೆ ಮುಂದೆ ಇಟ್ಟು ಕೆತ್ತುವವನ ಕೈಯ ಮೇಲೆ ಕೈ ಇಟ್ಟಳು. ಆಗ ಹಾಲ್ ಎಲ್ಲ ತಿರುಗಿ ನೋಡಿತು. ಬಂಗೇರರ ಕೆನ್ನೆ, ಅಂದು ತಟ್ಟೆಯ ಹಿಂದೆ ಇದ್ದ ಹಾಗೆ, ಉಬ್ಬಿ ನಿಂತಿತು.

ಅವಳ ಧ್ವನಿ ನಡುಗುತ್ತಲೇ ಇತ್ತು. ಅದನ್ನು ಸರಿಮಾಡಲು ಅವಳು ಹೋಗಲಿಲ್ಲ.

"ಆ ಫೋಟೋ ತೆಗೆದದ್ದು ನಾನು."